ಹಕ್ಕಿಗಳ ಜೊತೆ ಉಂಡ ಅಣ್ಣ

ಡಕೋಟಾದ ಬಯಲಿನಲ್ಲಿ, ರಸ್ತೆಯ ಆಚೆಗೊಂದು ಈಚೆಗೊಂದು ಚರ್ಚು ಎದುರುಬದುರಾಗಿ ನಿಂತಿದ್ದ ಕಾಲದ ಮಾತಿದು. ಎರಡರಲ್ಲೂ ಹಾಡುತ್ತಿದ್ದದ್ದು ಅದೇ ಹಾಡು. ಎರಡರ ಗಂಟೆಯೂ ಬಡಿಯುತ್ತಿದ್ದದ್ದು ಒಂದೇ ಹೊತ್ತಿಗೆ. ಎರಡಕ್ಕೂ ಬರುವವರು ನಾರ್ವೆಯ ಒಂದೇ ಕಣಿವೆಯಿಂದ ಹಡಗು ಹತ್ತಿದ ಜನ. ಆದರೂ ಭಾನುವಾರ ಬೆಳಿಗ್ಗೆ ರಸ್ತೆಯಲ್ಲಿ ಎದುರಾದರೆ ಅವರವರ ಕುದುರೆಗಳಷ್ಟೇ ಮುಖ ನೋಡಿಕೊಳ್ಳುತ್ತಿದ್ದವು. ಗಾಡಿಯ ಮೇಲಿದ್ದವರು ಗೋಧಿ ಹೊಲ ನೋಡುತ್ತ ಕೂತಿರುತ್ತಿದ್ದರು.

ಬ್ರಿತಾ ಈಚೆಯ ಚರ್ಚಿನವಳು. ಅವಳ ಒಡಹುಟ್ಟಿದ ಅಣ್ಣ ಹಾಲ್ವರ್ ಆಚೆಯವನು.

ಬ್ರಿತಾಳಿಗೆ ಅಪ್ಪ ಅಮ್ಮನ ಮುಖ ಸರಿಯಾಗಿ ನೆನಪಿರಲಿಲ್ಲ. ನೆನಪಿದ್ದದ್ದು ಅಣ್ಣನ ಹೆಗಲು. ಆ ಹೆಗಲ ಮೇಲೆ ಕೂತೇ ಅವಳು ಊರಿನ ಬೆಟ್ಟ ಇಳಿದಳು, ಹಡಗು ಹತ್ತಿದಳು. ಕಟ್ಟಿಕೊಂಡು ಬಂದಿದ್ದ ಒಣರೊಟ್ಟಿ ನಡುಸಮುದ್ರದಲ್ಲಿ ಮುಗಿಯುತ್ತ ಬಂದಾಗ ಹಾಲ್ವರ್ ತನ್ನ ಪಾಲನ್ನು ಹಿಂಗೈಯಿಂದ ಮೆಲ್ಲಗೆ ತಂಗಿಯ ಕಡೆ ಸರಿಸುತ್ತಿದ್ದ. "ನಂಗೆ ಹಸಿವಿಲ್ಲ ಕಣೇ. ನೀರು ನೋಡಿ ನೋಡೇ ಹೊಟ್ಟೆ ತುಂಬೋಯ್ತು" ಎನ್ನುತ್ತಿದ್ದ. ತಾನು ಕೊಟ್ಟೆ ಅನ್ನಿಸಬಾರದು, ಬೇಡವಾದದ್ದನ್ನು ತಳ್ಳಿದೆ ಅನ್ನಿಸಬೇಕು, ಹಾಗೆ ತಳ್ಳುವ ಕೈ ಅದು.

ಬಯಲಿಗೆ ಬಂದವರು ಹುಲ್ಲುನೆಲವನ್ನೇ ಇಟ್ಟಿಗೆಯಂತೆ ಕೊಯ್ದು ಮನೆ ಕಟ್ಟಿದರು. ಬ್ರಿತಾ ದೊಡ್ಡವಳಾಗಿ ಪಕ್ಕದ ಹೊಲದ ಕ್ನುತ್‌ನನ್ನು ಮದುವೆಯಾದಳು. ಮಾರ್ತಾ ಎಂಬ ಮಗಳು ಹುಟ್ಟಿದಳು. ಓಡಾಡಿಕೊಂಡಿದ್ದ ಮಗು ಒಂದು ಚಳಿಗಾಲ ಗಂಟಲುಮಾರಿ ರೋಗ ಬಂದು ತೀರಿಹೋಯಿತು. ಶವದ ಪೆಟ್ಟಿಗೆ ಮಾಡಿದವನು ಹಾಲ್ವರ್. ಆಗ ಇದ್ದದ್ದು ಒಂದೇ ಚರ್ಚು. ಅದರ ಹಿಂದಿನ ಮಣ್ಣಲ್ಲಿ, ಮೂಡಣ ಮೂಲೆಯಲ್ಲಿ, ಮಾರ್ತಾಳನ್ನು ಮಲಗಿಸಿದರು.

ಆಮೇಲೆ ಬಂತು ಜಗಳ. ದೇವರು ಮೊದಲೇ ಆರಿಸಿಕೊಂಡದ್ದರಿಂದ ಮನುಷ್ಯ ನಂಬುತ್ತಾನೋ, ಮನುಷ್ಯ ನಂಬುವುದನ್ನು ಮೊದಲೇ ಕಂಡು ದೇವರು ಆರಿಸಿಕೊಳ್ಳುತ್ತಾನೋ ಎಂಬ ಜಗಳ. ಪಾದ್ರಿಗಳು ಶುರು ಮಾಡಿದ್ದು ಕಣದಲ್ಲಿ, ಕೊಟ್ಟಿಗೆಯಲ್ಲಿ, ಹೆಂಗಸರು ಉಣ್ಣೆ ನೂಲುವ ಕಡೆಯಲ್ಲೆಲ್ಲ ಹೊತ್ತಿಕೊಂಡಿತು. ಗಂಡಹೆಂಡಿರು ಬೆನ್ನು ತಿರುಗಿಸಿ ಮಲಗಿದರು. ಕೊನೆಗೆ ಅರ್ಧ ಜನ ಎದ್ದು ಬಂದು ರಸ್ತೆಯ ಈಚೆ ಬೇರೆ ಚರ್ಚು ಕಟ್ಟಿಕೊಂಡರು. ಕ್ನುತ್ ಎದ್ದು ಬಂದ, ಬ್ರಿತಾಳೂ ಬಂದಳು. ಹಾಲ್ವರ್ ಬರಲಿಲ್ಲ. ಹಳೆಯ ಚರ್ಚು, ಅದರ ಹಿಂದಿನ ಸಮಾಧಿಗಳು, ಎಲ್ಲ ಆಚೆಯವರ ಪಾಲಾಯಿತು. ಅವರು ಸುತ್ತ ಹಲಗೆಬೇಲಿ ಹಾಕಿ, ಗೇಟಿಗೆ ಬೀಗ ಜಡಿದು, ಕೀಲಿಯನ್ನು ಹಾಲ್ವರನ ಕೈಗೆ ಕೊಟ್ಟರು.

ಮಾರ್ತಾ ಹುಟ್ಟಿದ ದಿನ ಬಂದಾಗ ಬ್ರಿತಾ ಬಯಲಿನ ಹೂ ಕಿತ್ತುಕೊಂಡು ಗೇಟಿನ ಮುಂದೆ ಬಂದು ನಿಂತಳು. ಹಾಲ್ವರ್ ಒಳಗೆ ಹುಲ್ಲು ಸವರುತ್ತಿದ್ದ.

"ತೆಗಿ ಅಣ್ಣ, ಬಿಸಿಲು."

ಅವನು ಕುಡುಗೋಲು ಕೆಳಗಿಟ್ಟ. ಹತ್ತಿರ ಬಂದ. ತೆಗೆಯಲಿಲ್ಲ. "ಆ ಕಡೆಯವ್ರು ಯಾರೂ ಈ ಗೇಟು ದಾಟಬಾರ್ದು ಅಂತ ಆಗಿದೆ ಕಣೇ. ಬೈಬಲ್ ಮುಟ್ಟಿ ಮಾತು ಕೊಟ್ಟಿದೀನಿ."

"ನಾನು ಆ ಕಡೆಯವಳಾ?"

ಹಾಲ್ವರ್ ಕೀಲಿಯನ್ನು ಜೇಬಿಗಿಳಿಸಿದ.

"ಅವಳು ಯಾವ ಕಡೆಯವಳು? ಒಳಗೆ ಮಲಗಿದಾಳಲ್ಲ, ಅವಳು?"

"ಹೂ ಕೊಡು, ನಾನೇ ಇಟ್ಟು ಬರ್ತೀನಿ."

ಬ್ರಿತಾ ಹೂ ಕೊಡಲಿಲ್ಲ. "ಕೇಳಿಸ್ಕೊ ಹಾಲ್ವರ್" ಎಂದಳು. ಹುಟ್ಟಿದಾಗಿನಿಂದ ಅವನನ್ನು ಹೆಸರು ಹಿಡಿದು ಕರೆದವಳಲ್ಲ. "ನಾನು ಬದುಕಿರೋ ತನಕ ನನ್ನ ಮನೆ ಒಳಗೆ ನಿಂಗೆ ಒಂದು ತುತ್ತೂ ಇಲ್ಲ, ಒಂದು ಗುಟುಕು ನೀರೂ ಇಲ್ಲ. ನಾನೂ ದೇವರ ಮೇಲೇ ಹೇಳ್ತಿದೀನಿ."

ಅಲ್ಲಿಗೆ ಅಣ್ಣತಂಗಿಯ ಮಾತು ನಿಂತಿತು. ಬ್ರಿತಾ ಮೂಡಣ ಮೂಲೆಯ ಬೇಲಿಯ ಹೊರಗೆ ನಿಂತು, ಹಲಗೆಯ ಸಂದಿಯಲ್ಲಿ ಮಗಳ ಕಲ್ಲು ನೋಡಿ ಬರುವಳು. "ಆ ಬೇಲಿ ಏನು ಮಹಾ ಎತ್ತರ, ಹತ್ತಿ ಇಳಿದರಾಯ್ತಲ್ಲೇ" ಎಂದು ಕ್ನುತ್ ಅಂದರೆ, "ನನ್ನ ಮಗಳನ್ನ ನೋಡೋಕೆ ನಾನು ಕಳ್ಳಿ ಥರ ಹೋಗ್ಬೇಕಾ?" ಎಂದು ಅವನ ಮೇಲೇ ಎಗರುವಳು. ನಡೆದುಕೊಂಡು, ತಲೆಯೆತ್ತಿ, ಮಗಳ ಹತ್ತಿರ ಹೋಗಬೇಕು. ಅವಳಿಗೆ ಬೇಕಾಗಿದ್ದದ್ದು ಅದೊಂದೇ.

ಹೀಗೇ ವರ್ಷಗಳು ಹೋದವು. ಒಂದು ಸುಗ್ಗಿಯಲ್ಲಿ ಬ್ರಿತಾ ಎದೆನೋವು, ಜ್ವರ ಅಂತ ಹಾಸಿಗೆ ಹಿಡಿದಳು. ಉಳಿಯುವುದಿಲ್ಲ ಅಂತಲೇ ಸುದ್ದಿಯಾಗಿತ್ತು. ಉಳಿದಳು. ಕ್ರಿಸ್‌ಮಸ್ ಹೊತ್ತಿಗೆ ಎದ್ದು ಓಡಾಡಿ, ಆಲೂಗಡ್ಡೆಯ ತೆಳುರೊಟ್ಟಿ ತಟ್ಟಿ ಗುಡ್ಡೆ ಹಾಕಿದಳು. ಕ್ನುತ್ ಅಂಗಳದಲ್ಲಿ ಉದ್ದನೆಯ ಮರದ ಗಳು ನೆಟ್ಟು, ಹಕ್ಕಿಗಳಿಗೆಂದು ಅದರ ತುದಿಗೆ ಓಟ್ಸ್ ತೆನೆಯ ಸಿವುಡು ಕಟ್ಟಿದ. ಹಬ್ಬದ ದಿನ ಹಕ್ಕಿಯೂ ಉಪವಾಸ ಇರಬಾರದು.

ಕ್ರಿಸ್‌ಮಸ್ ಕಳೆದ ದಿನಗಳಲ್ಲಿ ಆಡಿನ ವೇಷ ಹಾಕಿಕೊಂಡು ಮನೆಮನೆ ಸುತ್ತುವುದು ಆ ಜನದ ಪದ್ಧತಿ. ಗಂಡಸರು ಹೆಂಡಿರ ಲಂಗ ಉಡುತ್ತಾರೆ, ಕುರಿತೊಗಲನ್ನು ಒಳಹೊರಗು ಮಾಡಿ ಹೊದೆಯುತ್ತಾರೆ, ಗುರುತು ಸಿಗದಂತೆ ಉಸಿರನ್ನು ಒಳಗೆಳೆದುಕೊಂಡು ಮಾತಾಡುತ್ತಾರೆ. ಮನೆಯವರು ಯಾರೆಂದು ಹೇಳಿದರೆ ಮುಖವಾಡ ತೆಗೆದು ಉಣ್ಣುತ್ತಾರೆ. ಬಾಯಿಗೆ ಏನೂ ಹಾಕಿಕೊಳ್ಳದೆ ಹೊಸಲು ದಾಟಿದ ಅತಿಥಿ ಆ ಮನೆಯ ಹಬ್ಬವನ್ನೇ ಹೊತ್ತುಕೊಂಡು ಹೋಗುತ್ತಾನೆ. ಆಮೇಲೆ ವರ್ಷವೆಲ್ಲ ಆ ಮನೆ ತಣ್ಣಗೆ.

ದೀಪ ಹಚ್ಚುವ ಹೊತ್ತಿಗೆ ಮೂರು ಆಡುಗಳು ಒಳಗೆ ನುಗ್ಗಿದವು.

"ಏ, ಈ ಲಂಗ ನಾನು ನೋಡಿದೀನಿ!" ಎಂದ ಕ್ನುತ್. "ನಿಲ್ಸ್ ಅಲ್ವೇನೋ? ನಿನ್ನ ಹೆಂಡತಿಗಿಂತ ನಿಂಗೇ ಚೆನ್ನಾಗಿ ಒಪ್ಪುತ್ತೆ ಕಣೋ!"

"ಈ ಕೆಮ್ಮು ತೋಲೆಫ್‌ದು" ಎಂದಳು ಬ್ರಿತಾ. "ಗೂಳಿಗೂ ನಿಂಗೂ ಒಬ್ಬರೇ ಗುರುಗಳು ಕಣಯ್ಯ."

ಇಬ್ಬರೂ ಮುಖವಾಡ ಕಿತ್ತು ನಗುತ್ತ ಕೂತರು. ಮೂರನೆಯದು, ಕೊಂಬಿನ ಆಡು, ಬಾಗಿಲ ಬಳಿಯೇ ನಿಂತಿತ್ತು. ಒಂದು ಮಾತೂ ಆಡಿರಲಿಲ್ಲ. ಮುಖವಾಡದ ತೂತಿನಿಂದ ಬ್ರಿತಾಳನ್ನೇ ನೋಡುತ್ತಿತ್ತು. ಅವಳ ಇಳಿದ ಕೆನ್ನೆ, ಸಡಿಲವಾದ ರವಿಕೆ, ಎಲ್ಲವನ್ನೂ.

"ಇದ್ಯಾವ ಮೂಗಾಡು?" ಎಂದ ಕ್ನುತ್.

ನಿಲ್ಸ್, ತೋಲೆಫ್ ಮುಖ ಮುಖ ನೋಡಿಕೊಂಡರು. "ದಾರೀಲಿ ಸೇರ್ಕೊಳ್ತು" ಎಂದ ತೋಲೆಫ್.

ಬ್ರಿತಾ ತಟ್ಟೆ ಹಿಡಿದುಕೊಂಡು ಹೋದಳು. "ಗುರುತು ಹೇಳೋಕಾಗ್ಲಿಲ್ಲ, ಸೋತೆ. ತಗೊ, ತಿನ್ನು."

ಕುರಿತೊಗಲಿನೊಳಗಿಂದ ಒಂದು ಕೈ ಬಂತು. ರೊಟ್ಟಿ ತೆಗೆದುಕೊಳ್ಳಲಿಲ್ಲ. ಹಿಂಗೈಯಿಂದ ಮೆಲ್ಲಗೆ ತಟ್ಟೆಯನ್ನು ಅವಳ ಕಡೆಗೇ ಸರಿಸಿತು.

ಬ್ರಿತಾಳ ಕಾಲಕೆಳಗೆ ಹಡಗು ತೂಗಿದಂತಾಯಿತು.

ತಂಗಿ ಬದುಕಿದ್ದಾಳೋ ಎಂದು ಕಣ್ಣಾರೆ ನೋಡಲು ಅವನಿಗೆ ಬೇರೆ ದಾರಿ ಇರಲಿಲ್ಲ. ಮುಖ ಮುಚ್ಚಿಕೊಂಡರೆ ಸಾಕು ಎಂದುಕೊಂಡು ಬಂದುಬಿಟ್ಟಿದ್ದ, ಪೆದ್ದ. ಬಂದವನು ಉಣ್ಣಬೇಕು ಅನ್ನುವುದು ಮರೆತೇಹೋಗಿತ್ತು. ಉಂಡರೆ ಅವಳ ಆಣೆ ಮುರಿಯುತ್ತದೆ, ಉಣ್ಣದೆ ಹೋದರೆ ಹಬ್ಬ ಹೋಗುತ್ತದೆ. ಅವನ ಕೊಂಬು ಅಲ್ಲಾಡುತ್ತಿತ್ತು.

ಬ್ರಿತಾ ಶಾಲು ಹೊದ್ದಳು, ತಟ್ಟೆ ಎತ್ತಿಕೊಂಡಳು.

"ಮನೆ ಒಳಗೆ ಅಂತ ಹೇಳಿದ್ದೆ ನಾನು" ಎಂದಳು, ಯಾರಿಗೂ ಅಲ್ಲ ಎನ್ನುವ ಹಾಗೆ. "ಅಂಗಳದ ಮಾತು ಆಡಿರ್ಲಿಲ್ಲ. ನಡಿ ಆಚೆಗೆ."

ಹಿಮದಲ್ಲಿ, ಹಕ್ಕಿಗಳ ಗಳುವಿನ ಕೆಳಗೆ, ಅವನನ್ನು ನಿಲ್ಲಿಸಿದಳು. "ಬೀಗ ಹಾಕೋ ಜನಕ್ಕೆಲ್ಲ ಇಲ್ಲೇ ಊಟ. ಹಕ್ಕಿ ಜೊತೆ ತಿನ್ನು."

ಹಾಲ್ವರ್ ಮುಖವಾಡ ತೆಗೆದ. ಗಡ್ಡ ಬೆಳ್ಳಗಾಗಿತ್ತು. ಚಳಿಗೆ ಹಲ್ಲು ಕಟಕಟ ಅನ್ನಿಸುತ್ತ ರೊಟ್ಟಿ ಅಗಿದ. "ಬೆಣ್ಣೆ ಕಮ್ಮಿ ಆಯ್ತು" ಎಂದ.

"ಹಕ್ಕಿಗಳಿಗೆ ಅದೂ ಇಲ್ಲ" ಎಂದಳು. ಆದರೂ ಒಳಗೆ ಹೋಗಿ ಬೆಣ್ಣೆ ತಂದಳು.

ಹಿಮ ಕರಗಿ, ಮಾರ್ತಾ ಹುಟ್ಟಿದ ದಿನ ಮತ್ತೆ ಬಂತು. ಬ್ರಿತಾ ಎಂದಿನಂತೆ ಮೂಡಣ ಮೂಲೆಗೆ ಹೋದಳು. ಇಣುಕಲು ಸಂದಿಯೇ ಇರಲಿಲ್ಲ, ಸಂದಿಯ ಎರಡೂ ಬದಿಯ ಹಲಗೆಗಳು ಹೋಗಿದ್ದವು. ಒಬ್ಬ ಹೆಂಗಸು ಬಗ್ಗದೆ, ಲಂಗ ಸಿಕ್ಕಿಸಿಕೊಳ್ಳದೆ, ನಡೆದುಹೋಗುವಷ್ಟು ಅಗಲ. ಕಿತ್ತ ಮೊಳೆಗಳನ್ನು ಒಂದು ಕಲ್ಲಿನ ಮೇಲೆ ಜೋಡಿಸಿಡಲಾಗಿತ್ತು.

ದೂರದಲ್ಲಿ ಹಾಲ್ವರ್ ಗೇಟಿಗೆ ಬೆನ್ನು ಕೊಟ್ಟು, ರಸ್ತೆ ನೋಡುತ್ತ ನಿಂತಿದ್ದ. "ಗೇಟಿಗೆ ಬೀಗ ಹಾಕಿದೆ!" ಎಂದು ಬಯಲಿಗೆಲ್ಲ ಕೇಳುವಂತೆ ಕೂಗಿದ. "ಈ ಗೇಟು ಯಾರೂ ದಾಟೋ ಹಾಗಿಲ್ಲ!"

ಬ್ರಿತಾ ತಲೆಯೆತ್ತಿ ಒಳಗೆ ನಡೆದಳು. ಮಗಳ ಕಲ್ಲಿನ ಪಕ್ಕ ಕೂತು, ಹೂ ಇಟ್ಟು, ಅಷ್ಟು ವರ್ಷಗಳ ಅಳುವನ್ನೆಲ್ಲ ಅತ್ತಳು.

ಹಲಗೆ ಏನಾಯಿತು ಎಂದು ಚರ್ಚಿನ ಹಿರಿಯರು ಕೇಳಿದಾಗ, "ನಂಗೆ ಕೊಟ್ಟಿದ್ದು ಗೇಟಿನ ಕೀಲಿ, ಬೇಲಿಗೆ ಕೀಲಿ ಎಲ್ಲಿದೆ?" ಎಂದನಂತೆ ಹಾಲ್ವರ್. ಆ ಹಲಗೆ ಮತ್ತೆ ಯಾರೂ ಹೊಡೆಯಲಿಲ್ಲ. ಆಚೆಯವರಿಗೂ ಈಚೆಯ ಮನೆಗಳಿಗೆ ಮದುವೆಯಾಗಿ ಬಂದು, ಈಚೆಯ ಚರ್ಚಿನ ಮಣ್ಣಲ್ಲೇ ಮಲಗಿದ ಹೆಣ್ಣುಮಕ್ಕಳಿದ್ದರು.

ಬ್ರಿತಾ ಆಣೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಅವನೂ ಕೇಳಲಿಲ್ಲ. ಪ್ರತಿ ಕ್ರಿಸ್‌ಮಸ್ಸಿಗೂ ಹಾಲ್ವರ್ ಅಂಗಳದಲ್ಲಿ ನಿಂತೇ ಉಂಡ. ಒಳಗೆ ಒಲೆಯ ಪಕ್ಕ ಕೂತು ಕ್ನುತ್ ಕಿಟಕಿಯಿಂದ ನೋಡುವನು, ಹೊರಗೆ ಅಣ್ಣತಂಗಿ ಮೂಗು ಕೆಂಪು ಮಾಡಿಕೊಂಡು ಊರಿನ ಬೆಟ್ಟದ ಮಾತಾಡುವರು. ಮುದುಕರಾದಾಗ ಎರಡು ಚರ್ಚೂ ಒಂದಾದವು, ಬೇಲಿ ಒಲೆಗೆ ಹೋಯಿತು. ಊಟದ ಜಾಗ ಮಾತ್ರ ಬದಲಾಗಲಿಲ್ಲ.

ಮೊದಲು ಹೋದವಳು ಬ್ರಿತಾ. ಮಾರ್ತಾಳ ಪಕ್ಕದಲ್ಲೇ ಮಲಗಿಸಿದರು. ಆ ವರ್ಷದ ಕ್ರಿಸ್‌ಮಸ್ಸಿಗೆ ಹಾಲ್ವರ್ ಕೋಲೂರಿಕೊಂಡು ಬಂದು ಗಳುವಿನ ಕೆಳಗೆ ನಿಂತ. ಕ್ನುತ್ ಬಾಗಿಲು ತೆಗೆದು, "ಒಳಗೆ ಬಾ ಭಾವ. ಅವಳು ಬದುಕಿರೋ ತನಕ ಅಂತ ತಾನೆ ಇದ್ದದ್ದು?" ಎಂದ.

ಹಾಲ್ವರ್ ಹೊಸಲು ನೋಡಿದ. ಆಮೇಲೆ ಕೈ ಚಾಚಿದ.

"ಇಲ್ಲೇ ಕೊಡಪ್ಪ. ಒಳಗೆ ಬಂದು ತಿಂದ್ರೆ ಅವಳು ಹೋದ್ಲು ಅಂತ ನಾನೂ ಒಪ್ಪಿಕೊಂಡ ಹಾಗಾಗುತ್ತೆ."