ಶಹಾಪುರದ ಮಗ್ಗಕ್ಕೆ ನಾನು ಬರೆದ ಬೋರ್ಡು

1961ರಲ್ಲಿ ನಾನು ಕೊಲ್ಹಾಪುರದ ಒಂದು ಸಹಕಾರಿ ಬ್ಯಾಂಕಿನಲ್ಲಿ ಲೋನ್ ಇನ್ಸ್‌ಪೆಕ್ಟರ್ ಆಗಿದ್ದೆ. ವಯಸ್ಸು ಇಪ್ಪತ್ನಾಲ್ಕು. ಸ್ವಂತ ಹೊಲ, ಮನೆ ಇಲ್ಲದವರಿಗೆ ಇಬ್ಬರ ಜಾಮೀನಿನ ಮೇಲೆ ಸಾವಿರ ರೂಪಾಯಿವರೆಗೆ ಸಾಲ ಕೊಡುವ ಹೊಸ ಸ್ಕೀಮು ಆ ವರ್ಷ ನಮ್ಮಲ್ಲಿ ಶುರುವಾಗಿತ್ತು. ಚಪ್ಪಲಿ ಹೊಲಿಯುವವರು, ಹಾಲು ಮಾರುವವರು, ನೇಕಾರರು ಅರ್ಜಿ ಹಾಕುತ್ತಿದ್ದರು. ಅರ್ಜಿದಾರರ ಮನೆಗೆ ಹೋಗಿ ನೋಡಿ ರಿಪೋರ್ಟ್ ಬರೆಯಬೇಕು, ಸಾಲ ಕೊಟ್ಟ ಮೇಲೆ ಮತ್ತೆ ಹೋಗಿ ಹಣ ಹೇಳಿದ ಕೆಲಸಕ್ಕೇ ಬಳಕೆಯಾಗಿದೆಯೇ ಎಂದು ನೋಡಬೇಕು. ಗಂಡಸು ಇನ್ಸ್‌ಪೆಕ್ಟರ್ ಬಂದರೆ ಹೆಣ್ಣುಮಕ್ಕಳು ಒಳಗೆ ಹೋಗಿ ಕದ ಮುಂದೆ ಮಾಡಿಕೊಳ್ಳುತ್ತಿದ್ದರು. ಅದಕ್ಕಾಗಿಯೇ ನನಗೆ ಈ ಕೆಲಸ ಸಿಕ್ಕಿತು.

ನನ್ನ ತಂದೆ ಗಡಹಿಂಗ್ಲಜದಲ್ಲಿ ಶಾಲಾ ಮಾಸ್ತರರು. ತಮ್ಮ ಸಂಬಳದ ಅರ್ಧ ತೆತ್ತು ನನ್ನನ್ನು ಕೊಲ್ಹಾಪುರದ ಕಾನ್ವೆಂಟಿನ ಬೋರ್ಡಿಂಗಿನಲ್ಲಿಟ್ಟು ಓದಿಸಿದ್ದರು. ಇಡೀ ಆಫೀಸಿನಲ್ಲಿ ನನ್ನ ಇಂಗ್ಲಿಷೇ ಉತ್ತಮ ಎಂಬುದು ಎಲ್ಲರಿಗೂ ಗೊತ್ತಿತ್ತು, ಎಲ್ಲರಿಗಿಂತ ಹೆಚ್ಚಾಗಿ ನನಗೇ ಗೊತ್ತಿತ್ತು. ಸಾಲದಿಂದ ಕೊಂಡ ಪ್ರತಿ ಯಂತ್ರದ ಮೇಲೂ ಅದು ಬ್ಯಾಂಕಿಗೆ ಅಡವಿದೆ ಎಂದು ತೋರಿಸುವ ಬೋರ್ಡು ಇರಬೇಕೆಂದು ಹೆಡ್ ಆಫೀಸಿನಿಂದ ಸರ್ಕ್ಯುಲರ್ ಬಂತು. ಆಗ ನಮ್ಮ ಏಜೆಂಟ್ ಇನಾಮದಾರ ಸಾಹೇಬರು ಡ್ರಾಫ್ಟ್ ಮಾಡುವ ಕೆಲಸವನ್ನು ನನಗೇ ಕೊಟ್ಟರು. ಬ್ರಾಂಚ್ ಮ್ಯಾನೇಜರನ್ನು ಆಗ ಏಜೆಂಟ್ ಎನ್ನುತ್ತಿದ್ದರು.

ನಾನು ಒಂದು ಸಂಜೆ ಕೂತು ಬರೆದೆ. ‘ದಿಸ್ ಮಶೀನ್, ಟುಗೆದರ್ ವಿತ್ ಆಲ್ ಮಟೀರಿಯಲ್ಸ್ ಲೈಯಿಂಗ್ ದೇರ್‌ಆನ್, ಸ್ಟ್ಯಾಂಡ್ಸ್ ಹೈಪೊಥಿಕೇಟೆಡ್ ಟು ದಿ ಬ್ಯಾಂಕ್.’ ಯಂತ್ರವೂ ಅದರ ಮೇಲಿರುವ ಸಕಲ ಸಾಮಾನೂ ಬ್ಯಾಂಕಿಗೆ ಒತ್ತೆ ಎಂದು ಅರ್ಥ. ಹೈಪೊಥಿಕೇಶನ್ ಎಂದರೆ ವಸ್ತು ಸಾಲಗಾರನ ಕೈಯಲ್ಲೇ ಇರುತ್ತದೆ, ಸಾಲ ತೀರುವವರೆಗೆ ಹಕ್ಕು ಬ್ಯಾಂಕಿನದು. ಯಾವ ಸಂದೂ ಬಿಡದಂತೆ ಬರೆದಿದ್ದೇನೆಂದು ನನಗೆ ಭಾಳ ಹೆಮ್ಮೆಯಾಗಿತ್ತು. ಬಿಳಿ ತಗಡಿನ ಮೇಲೆ ಕೆಂಪು ಅಕ್ಷರದಲ್ಲಿ ಇಪ್ಪತ್ತು ಬೋರ್ಡು ಬರೆಸಿದೆವು.

ಅವುಗಳಲ್ಲಿ ಒಂದು ಇಚಲಕರಂಜಿಯ ಶಹಾಪುರದ ಪದ್ಮಕ್ಕನ ಮನೆಗೆ ಹೋಯಿತು. ಪದ್ಮಕ್ಕ ಅಕಿವಾಟದ ಜೈನ ರೈತರ ಮಗಳು. ಗಂಡ ಜಿನ್ನಪ್ಪ ತನ್ನ ಅಣ್ಣನ ಪವರ್‌ಲೂಮ್ ಶೆಡ್ಡಿನಲ್ಲಿ ದುಡಿಯುತ್ತಿದ್ದ. ತನ್ನದೇ ಒಂದು ಮಗ್ಗ ಹಾಕಬೇಕೆಂದು ಮನೆಗೆ ಕರೆಂಟಿನ ಕನೆಕ್ಷನ್ ತೆಗೆದುಕೊಂಡವನು, ಮಗ್ಗ ಬರುವ ಮೊದಲೇ ವಿಷಮಜ್ವರದಲ್ಲಿ ಹೋಗಿಬಿಟ್ಟ. ಎರಡು ಹೆಣ್ಣುಮಕ್ಕಳಿದ್ದರು. ಪದ್ಮಕ್ಕ ಆಗ ಕಂಡಿಕೆ ಸುತ್ತಿ ಬದುಕುತ್ತಿದ್ದಳು. ಲಾಳಿಯೊಳಗೆ ಕೂರಿಸುವ ನೂಲಿನ ಸಣ್ಣ ಸುರುಳಿಗೆ ಕಂಡಿಕೆ ಎನ್ನುತ್ತಾರೆ. ದಿನವಿಡೀ ಸುತ್ತಿದರೂ ಜೋಳದ ಖರ್ಚು ಹೊರಡುವುದೇ ಕಷ್ಟ. ಆದರೆ ಶೆಡ್ಡಿನಲ್ಲಿ ಓಡಾಡುತ್ತ ಮಗ್ಗ ನಡೆಸುವುದನ್ನು ಕಲಿತಿದ್ದಳು.

“ಗಂಡಸರು ನಡಸೂ ಮಗ್ಗ ನೀವು ನಡಸ್ತೀರೇನ್ರಿ?” ಎಂದು ನಾನು ಮೊದಲ ಭೇಟಿಯಲ್ಲಿ ಕೇಳಿದ್ದೆ.

“ನೀವು ಗಂಡಸರು ಮಾಡೂ ನೌಕರಿ ಮಾಡಾಕತ್ತೀರಲ್ರಿ ಬಾಯಾರ,” ಎಂದಳು.

ನಾನು ರಿಪೋರ್ಟಿನಲ್ಲಿ ‘ರೆಕಮೆಂಡೆಡ್’ ಎಂದು ಬರೆದೆ. ಹಳೆಯ ಮಗ್ಗದ ಬೆಲೆ ಹನ್ನೆರಡು ನೂರು. ಕೈಯ ಬಂಗಾರದ ಬಿಲ್ವಾರ ಮಾರಿ ಅವಳು ಮುನ್ನೂರು ತಂದಳು, ಬ್ಯಾಂಕು ಒಂಬೈನೂರು ಕೊಟ್ಟಿತು. ಹಣವನ್ನು ಸಾಲಗಾರರ ಕೈಗೆ ಕೊಡದೆ ಮಾರುವವನಿಗೇ ಚೆಕ್ ಬರೆಯುವುದು ನಮ್ಮ ಪದ್ಧತಿ. ಅಸಲು ತಿಂಗಳಿಗೆ ಮೂವತ್ತರಂತೆ ಮೂವತ್ತು ಕಂತು. ದಸರೆ ಕಳೆದ ವಾರ ಮಗ್ಗ ಅವಳ ಪಡಸಾಲೆಗೆ ಬಂತು.

ಎರಡು ಕಂತು ಸರಿಯಾಗಿ ಬಂದವು. ಆಮೇಲೆ ಎರಡು ಬರಲಿಲ್ಲ. ಮೂರು ಕಂತು ಒಟ್ಟಿಗೆ ತಪ್ಪಿದರೆ ರೀಕಾಲ್ ನೋಟೀಸು. ಉಳಿದ ಸಾಲವನ್ನೆಲ್ಲ ಒಮ್ಮೆಲೇ ಕಟ್ಟಬೇಕು, ಇಲ್ಲವಾದರೆ ಮಗ್ಗ ಹರಾಜು. ಹೊಸ ವರ್ಷದ ಫೆಬ್ರುವರಿಯಲ್ಲಿ ನಾನು ರೈಲಿನಲ್ಲಿ ಹಾತಕಣಂಗಲೆಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಇಚಲಕರಂಜಿಯಲ್ಲಿ ಇಳಿದೆ.

ಶಹಾಪುರದ ಓಣಿ ತುಂಬ ಮಗ್ಗಗಳ ಖಟಖಟ. ಪದ್ಮಕ್ಕನ ಮನೆಯೊಂದೇ ಸುಮ್ಮನಿತ್ತು. ಬೀದಿ ಬಾಗಿಲ ಮೇಲೆ, ತೋರಣದ ಕೆಳಗೆ, ನನ್ನ ಬೋರ್ಡು ಹೊಳೆಯುತ್ತಿತ್ತು. ಅರಿಶಿನ ಕುಂಕುಮ ಹಚ್ಚಿ ಸೇವಂತಿಗೆ ಹಾರ ಹಾಕಿದ್ದಳು. ಉಳಿದ ಸಾಲಗಾರರು ತಮ್ಮ ಬೋರ್ಡನ್ನು ಮಗ್ಗದ ಹಿಂದೆ ಗೋಡೆಗೆ ಹೊಡೆದು ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದರೆಂದು ನನಗೆ ಆಮೇಲೆ ತಿಳಿಯಿತು. ಬ್ಯಾಂಕು ತನ್ನನ್ನು ನಂಬಿದೆ ಎಂಬುದು ಓಣಿಗೆಲ್ಲ ಕಾಣಲಿ ಎಂದು ಇವಳೊಬ್ಬಳು ಅದನ್ನು ಹೊರಗೆ ಹಾಕಿದ್ದಳು.

ಒಳಗೆ ಮಗ್ಗದ ಮೇಲೆ ಹಳೆಯ ಸೀರೆ ಹೊದಿಸಿತ್ತು. ಪದ್ಮಕ್ಕ ಅದರ ಪಕ್ಕದಲ್ಲಿ ಕೂತು ಬೇರೆಯವರ ಕಂಡಿಕೆ ಸುತ್ತುತ್ತಿದ್ದಳು.

“ಮಗ್ಗ ಯಾಕ ನಿಂತೈತಿ?”

“ನೂಲ ಯಾರೂ ಕೊಡವಲ್ಲರ್ರಿ. ಶೆಟ್ರು ಒಂದು ಬೀಮ್ ಕೊಟ್ಟಿದ್ದರು. ಅದನ್ನ ನೇದ ಕೊಟ್ಟೆ, ಅರಬಿ ಚಲೋ ಐತಿ ಅಂದ್ರು. ಎರಡನೇದ್ದು ಕೇಳಾಕ ಹೋದರ, ನಾಳಿ ಬಾ, ನಾಡದ ಬಾ. ಎರಡು ತಿಂಗಳಾತು.”

ಇಚಲಕರಂಜಿಯ ವ್ಯವಹಾರವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಒಂದೆರಡು ಮಗ್ಗದವರು ನೂಲು ತಾವೇ ಕೊಳ್ಳುವುದಿಲ್ಲ. ವ್ಯಾಪಾರಿ ಹಾಸಿನ ನೂಲು ಸುತ್ತಿದ ಉರುಳೆಯನ್ನು ಕೊಡುತ್ತಾನೆ, ಅದಕ್ಕೆ ಬೀಮು ಎನ್ನುತ್ತಾರೆ. ನೇಯ್ದು ಬಟ್ಟೆ ಕೊಟ್ಟರೆ ಮೀಟರಿಗೆ ಇಷ್ಟು ಎಂದು ಮಜೂರಿ. ಬೀಮು ನೂರಾರು ರೂಪಾಯಿಯ ಮಾಲು, ಅದನ್ನು ಬರೀ ನಂಬಿಕೆಯ ಮೇಲೆ ಕೊಡುತ್ತಾರೆ.

ನಾನು ನೇರವಾಗಿ ಆ ಶೆಟ್ಟರ ಅಂಗಡಿಗೆ ಹೋದೆ. ಶಿವಲಿಂಗಪ್ಪ ಶೆಟ್ಟರೆಂದು ಅವರ ಹೆಸರು, ಮೂಲತಃ ಗಡಹಿಂಗ್ಲಜದ ಲಿಂಗಾಯತರು. ನನ್ನ ಹೆಸರು ಕೇಳಿದ್ದೇ, “ಮಾಸ್ತರ ಮಗಳಲ್ಲೇನವ್ವ ನೀನು? ಕುಂಡರು. ಚಾ ತರಸ್ತೇನಿ,” ಎಂದರು. ಚಹಾ ಬರುವ ತನಕ ತಂದೆಯ ಆರೋಗ್ಯ ವಿಚಾರಿಸಿದರು. ಆಮೇಲೆ ಪದ್ಮಕ್ಕನ ಮಾತು ತೆಗೆದೆ.

“ಹೆಣಮಗಳ ಕೈ ಚಲೋ ಐತಿ ತಂಗಿ. ಅದರಾಗ ಮಾತಿಲ್ಲ. ಆದ್ರ ಬಾಗಲ ಮ್ಯಾಲ ನಿಮ್ಮ ಬ್ಯಾಂಕ ಕುಂತೈತಲ್ಲ. ನಮ್ಮ ಗುಮಾಸ್ತ ಓದಿ ಹೇಳಿದಾ. ಮಗ್ಗದ ಮ್ಯಾಲ ಇದ್ದದ್ದೆಲ್ಲಾ ಬ್ಯಾಂಕಿನದ ಅಂತ. ಮಗ್ಗದ ಮ್ಯಾಲ ಇರೂದು ಯಾರದು? ನನ್ನ ಬೀಮ್. ನಾಳೆ ಆಕಿ ಕಂತ ತಪ್ಪಿಸಿದ್ಲು, ನೀವು ಬಂದು ಕೀಲಿ ಜಡದ್ರಿ. ನಾ ಯಾರ ಮುಂದ ಅಳ್ಲಿ?” ಆಮೇಲೆ ನಕ್ಕರು. “ಆ ಇಂಗ್ಲೀಷ ಬರದಾವ ಭಾಳ ಶಾಣ್ಯಾ ಇರಬೇಕು. ಒಂದ ಎಳಿ ಹೊರಗ ಬಿಟ್ಟಿಲ್ಲ.”

ಬರೆದವಳು ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಚಹಾ ಕುಡಿದು ಎದ್ದೆ.

ಪದ್ಮಕ್ಕನ ಮನೆಗೆ ವಾಪಸಾಗಿ, ಬೋರ್ಡು ತೆಗೆದು ಮಗ್ಗದ ಹಿಂದೆ ಹಾಕೋಣ ಎಂದೆ. ಅವಳ ಕೈ ನಿಂತಿತು.

“ತಗೀಬ್ಯಾಡ್ರಿ ಬಾಯಾರ. ಅದೊಂದ ಈ ಮಗ್ಗಾ ಕಾಯಾಕತ್ತೈತಿ.”

ಆಗ ಪೂರ್ತಿ ವಿಷಯ ಹೊರಬಿತ್ತು. ಗಂಡನ ಅಣ್ಣ ಭೂಪಾಲಣ್ಣನದು ನಡುಗೋಡೆಯ ಆಚೆಯ ಮನೆ, ನಾಲ್ಕು ಮಗ್ಗದ ಶೆಡ್ಡು. ಮಗ್ಗ ಬಂದ ದಿನವೇ ಆತ, ಕೂಡುಮನೆತನದಲ್ಲಿ ಬಂದದ್ದು ಮನೆತನದ್ದು, ಹೆಂಗಸಿನ ಕೈಯಲ್ಲಿ ಅದು ಕೆಡುತ್ತದೆ, ನನ್ನ ಶೆಡ್ಡಿಗೆ ಸಾಗಿಸುತ್ತೇನೆ, ನೀನು ಮೊದಲಿನಂತೆ ಕಂಡಿಕೆ ಸುತ್ತು ಎಂದಿದ್ದ. ಆಳು ಕರೆದುಕೊಂಡು ಬಂದವನು ಬಾಗಿಲ ಮೇಲಿನ ಕೆಂಪು ಇಂಗ್ಲಿಷ್ ಅಕ್ಷರ ನೋಡಿ ಹಿಂದೆ ಹೋಗಿದ್ದ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದ್ದರಿಂದಲೇ ಹೆಚ್ಚು ಹೆದರಿದ್ದ.

ನಾವು ಮಾತಾಡುತ್ತಿರುವಾಗಲೇ ಭೂಪಾಲಣ್ಣ ಹೊಸ್ತಿಲಿಗೆ ಬಂದು ನಿಂತ. “ಏನ್ರಿ ಬಾಯಾರ, ಹರಾಜ ಯಾವಾಗ ಇಟ್ಕೊಂಡೀರಿ? ಮೊದಲ ತಿಳಸ್ರಿ, ರೊಕ್ಕಾ ಹೊಂದಸಬೇಕು.” ಪದ್ಮಕ್ಕ ತಲೆಯ ಮೇಲೆ ಸೆರಗು ಎಳೆದುಕೊಂಡು, ಗೋಡೆಗೆ ಹೇಳುವಂತೆ, “ರೊಕ್ಕಾ ಇದ್ದವರು ಹೊಸಾ ಮಗ್ಗಾ ತಗೋಬಹುದಲ್ಲ,” ಎಂದಳು.

ವಾಪಸು ಹೋಗುವ ರೈಲಿನಲ್ಲಿ ಅದನ್ನೇ ಲೆಕ್ಕ ಹಾಕುತ್ತ ಕೂತೆ. ಬೋರ್ಡು ಇದ್ದರೆ ನೂಲಿಲ್ಲ, ನೂಲಿಲ್ಲದಿದ್ದರೆ ಕಂತಿಲ್ಲ, ಹರಾಜಿನಲ್ಲಿ ಕೊಳ್ಳುವವನು ಗೋಡೆಯ ಆಚೆಯೇ ಕಾದಿದ್ದಾನೆ. ಬೋರ್ಡು ತೆಗೆದರೆ ಹರಾಜಿಗೂ ಮೊದಲೇ ಮಗ್ಗ ಹೋಗುತ್ತದೆ. ಮುಂದಿನ ಕಂತಿಗೆ ಹನ್ನೊಂದು ದಿನ ಇತ್ತು.

ಮರುದಿನ ಏಜೆಂಟರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಡ್ರಾಫ್ಟ್ ತರಿಸಿ ಓದಿದರು. ‘ಟುಗೆದರ್ ವಿತ್ ಆಲ್ ಮಟೀರಿಯಲ್ಸ್’ ಎಂಬಲ್ಲಿ ಬೆರಳಿಟ್ಟು, ಇದು ಸರ್ಕ್ಯುಲರಿನಲ್ಲಿ ಇತ್ತೇ ಎಂದು ಕೇಳಿದರು.

“ಇಲ್ಲ ಸರ್. ನಾನೇ ಸೇರಿಸಿದ್ದು. ವಾಕ್ಯ ಕಂಪ್ಲೀಟ್ ಆಗಲಿ ಅಂತ.”

ಬೇರೆಯವರ ಮಾಲಿನ ಮೇಲೆ ಬ್ಯಾಂಕಿಗೆ ಹಕ್ಕೇ ಇರಲಿಲ್ಲ. ನಾನು ಅಲಂಕಾರಕ್ಕೆ ಬರೆದ ಆರೇಳು ಶಬ್ದ ಒಂದು ಮಗ್ಗವನ್ನು ಎರಡು ತಿಂಗಳು ನಿಲ್ಲಿಸಿತ್ತು. ಹೊಸ ಬೋರ್ಡಿನ ಒಕ್ಕಣೆಯನ್ನು ಅಲ್ಲೇ ಕೂತು ಕನ್ನಡದಲ್ಲಿ, ಮರಾಠಿಯಲ್ಲಿ ಬರೆದೆ: ‘ಈ ಮಗ್ಗ ಬ್ಯಾಂಕಿಗೆ ಅಡವಿದೆ. ಬ್ಯಾಂಕಿನ ಅಪ್ಪಣೆಯಿಲ್ಲದೆ ಇದನ್ನು ಯಾರೂ ಸ್ಥಳದಿಂದ ಕದಲಿಸಬಾರದು. ಇದರ ಮೇಲಿನ ಬೀಮು, ನೂಲು, ಬಟ್ಟೆ ಅವುಗಳನ್ನು ಕೊಟ್ಟ ವ್ಯಾಪಾರಿಯವು.’ ಶೆಟ್ಟರಿಗೂ ಅದೇ ಅರ್ಥದ ಒಂದು ಪತ್ರ ಬೇಕಿತ್ತು. ಹೆಡ್ ಆಫೀಸಿನ ಮಂಜೂರಾತಿಗೆ ಕಾದರೆ ತಿಂಗಳಾಗುತ್ತಿತ್ತು. ಇನಾಮದಾರ ಸಾಹೇಬರು ಪತ್ರವನ್ನು ಎರಡು ಸಲ ಓದಿ ಪೆನ್ನು ತೆಗೆದರು. “ಚೂಕ ತುಮಚೀ, ಸಹೀ ಮಾಝೀ,” ಎಂದರು. ತಪ್ಪು ನಿಮ್ಮದು, ಸಹಿ ನನ್ನದು. ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಶೆಟ್ಟರು ಪತ್ರವನ್ನು ಬೆಳಕಿಗೆ ಹಿಡಿದು ನೋಡಿದರು. “ಬ್ಯಾಂಕ ಕೀಲಿ ಹಾಕಿದ್ರ ನನಗ ಕೀಲಿ ತಗದ ಕೊಡಾವ್ರು ಯಾರು?”

“ನಾನು ಬರ್ತೇನ್ರಿ. ಹಿಂದಿನ ಇಂಗ್ಲಿಷ್ ಬರದಾಕಿನೂ ನಾನ.”

ಶೆಟ್ಟರು ಪತ್ರ ಮಡಚಿ ಜೇಬಿಗಿಟ್ಟರು. “ಮಾಸ್ತರಿಗೆ ಹೇಳಬೇಕಾತು, ಮಗಳಿಗೆ ಇಂಗ್ಲೀಷ ಒಂದೀಟ ಹೆಚ್ಚಾಗೇತಿ ಅಂತ,” ಎಂದು, ಗುಮಾಸ್ತನನ್ನು ಕರೆದು ಶಹಾಪುರಕ್ಕೆ ಒಂದು ಬೀಮು ಕಳಿಸಲು ಹೇಳಿದರು.

ಆ ತಿಂಗಳ ಕಂತು ಎರಡು ದಿನ ತಡವಾಗಿ ಬಂತು. ತಪ್ಪಿದ್ದ ಎರಡು ಕಂತನ್ನು ಅವಳು ಮಳೆಗಾಲದೊಳಗೆ ಸರಿತೂಗಿಸಿದಳು. ಪದ್ಮಕ್ಕನ ಬಾಗಿಲಿನ ಬೋರ್ಡು ಬದಲಿಸಿದ ಮೇಲೆ ಉಳಿದ ಹತ್ತೊಂಬತ್ತನ್ನೂ ನಾನು ಮನೆಮನೆಗೆ ಹೋಗಿ ಬದಲಿಸಿದೆ. ಶಹಾಪುರದ ಆ ಮನೆಗೆ ಮುಂದಿನ ಎರಡು ವರ್ಷ ಇನ್ಸ್‌ಪೆಕ್ಷನ್‌ಗೆ ಹೋದಾಗಲೆಲ್ಲ ಮಗ್ಗದ ಸಪ್ಪಳ ಓಣಿಯ ತಿರುವಿನಲ್ಲೇ ಕೇಳಿಸುತ್ತಿತ್ತು.

ಕೇಸು ಇಲ್ಲಿಗೆ ಮುಗಿಯಬೇಕಿತ್ತು. 1964ರಲ್ಲಿ ಇಪ್ಪತ್ತೊಂಬತ್ತನೆಯ ಕಂತು ಬಂತು, ಮೂವತ್ತನೆಯದು ಬರಲಿಲ್ಲ. ಒಂದು ತಿಂಗಳಾಯಿತು, ಎರಡಾಯಿತು, ನಾಲ್ಕಾಯಿತು. ಇಷ್ಟು ವರ್ಷ ಕಟ್ಟಿದವಳು ಕೊನೆಯ ಮೂವತ್ತು ರೂಪಾಯಿಗೆ ಯಾಕೆ ಡಿಫಾಲ್ಟರ್ ಆಗುತ್ತಾಳೆ? ಕಾಯಿಲೆಯೋ ಏನೋ ಎಂಬ ಚಿಂತೆಯಲ್ಲಿ ಹೋದೆ. ಮಗ್ಗ ನಡೆಯುತ್ತಿತ್ತು, ಹಿರಿಯ ಮಗಳು ಶಾಲೆಯಿಂದ ಬಂದು ಕಂಡಿಕೆ ಸುತ್ತುತ್ತಿದ್ದಳು. ಪದ್ಮಕ್ಕ ನನಗೆ ಮಜ್ಜಿಗೆ ಕೊಟ್ಟಳು, ನಾನು ಕಂತಿನ ಮಾತು ತೆಗೆದೆ.

“ರೊಕ್ಕಾ ಐತ್ರಿ. ಡಬ್ಬಿಯಾಗ ಇಟ್ಟೇನಿ. ಕೊಟ್ಟರ ನೀವು ಬೋರ್ಡ ಬಿಚ್ಚಿಕೊಂಡ ಹೋಗ್ತೀರಿ.”

“ಸಾಲ ತೀರಿದ ಮ್ಯಾಲ ಬೋರ್ಡ ಯಾಕ ಬೇಕು?”

“ಬಾಜೂಕಿನವ್ರು ಅದನ್ನ ಕಾಯಾಕತ್ತಾರ. ಮೊದಲ ಇಂಗ್ಲೀಷ ಇತ್ತು, ತಿಳೀತಿದ್ದಿಲ್ಲ. ಈಗ ಕನ್ನಡ ಐತಿ, ಸಾಲ ತೀರೂತನಾ ಅಷ್ಟ ಅಂತ ಗೊತ್ತಾಗೇತಿ. ಬ್ಯಾಂಕಿನದಿದ್ದಾಗ ಯಾರೂ ಮುಟ್ಟೂದಿಲ್ಲ. ಬ್ಯಾಂಕಿನದಲ್ಲಾ ಅಂದಮ್ಯಾಲ ಅದು ಯಾರದ್ರಿ?”

“ನಿಮ್ಮದ. ಮಗ್ಗದ ಬಿಲ್ಲು ನಿಮ್ಮ ಹೆಸರಿಲೇ ಐತಿ.”

“ಯಾವ ಬಿಲ್ಲು?”

ಬಿಲ್ಲು ಮೊದಲ ದಿನದಿಂದ ನಮ್ಮ ಬ್ಯಾಂಕಿನ ಫೈಲಿನಲ್ಲಿತ್ತು. ಚೆಕ್ಕು ಮಾರುವವನ ಕೈಗೆ, ಬಿಲ್ಲು ನಮ್ಮ ಕೈಗೆ. ಪದ್ಮಕ್ಕ ಹೆಬ್ಬೆಟ್ಟು ಒತ್ತಿದ್ದು ಸಾಲದ ಕಾಗದಕ್ಕೆ ಮಾತ್ರ. ತನ್ನ ಹೆಸರಿನ ಒಂದು ಕಾಗದ ಕೊಲ್ಹಾಪುರದಲ್ಲಿದೆ ಎಂದು ಸುಮಾರು ಮೂರು ವರ್ಷದಲ್ಲಿ ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ನಾನೇ ಆಗಿದ್ದೆ.

“ಗಂಡನ ಹೆಸರಲ್ಲ, ನನ್ನ ಹೆಸರಾ?” ಎಂದು ಅವಳು ಮತ್ತೆ ಕೇಳಿದಳು.

ಮುಂದಿನ ವಾರ ಬಿಲ್ಲು ತೆಗೆದುಕೊಂಡು ಹೋದೆ. ಪದ್ಮಕ್ಕ ಮೂವತ್ತು ರೂಪಾಯಿ, ಮೇಲೆ ತಡವಾದದ್ದಕ್ಕೆ ಬಡ್ಡಿ ಎಣಿಸಿಕೊಟ್ಟಳು. ನಾನು ರಸೀದಿ ಬರೆದು, ಬೋರ್ಡು ಬಿಚ್ಚಿ, ಬಿಲ್ಲನ್ನು ಅವಳ ಕೈಗಿಟ್ಟೆ. ಅವಳು ಅದನ್ನು ತಿರುವಿ ಮುರುವಿ ನೋಡಿ, ನಾನು ಓದಿ ಹೇಳುತ್ತೇನೆ ಎಂದರೂ ಕೇಳದೆ, ನಡುಗೋಡೆಯ ಹತ್ತಿರ ಹೋಗಿ ಕೂಗಿದಳು.

“ಭಾವಾರ, ಒಂದೀಟ ಬರ್ರಿ. ಕಾಗದ ಓದೂದೈತಿ.”

ಭೂಪಾಲಣ್ಣ ಬಂದ. ಕನ್ನಡಕ ಹಾಕಿಕೊಂಡು, ಮರಾಠಿ ಬಿಲ್ಲನ್ನು ಒಂದೊಂದೇ ಅಕ್ಷರ ಕೂಡಿಸುತ್ತ ಓದಿದ. ಪವರ್‌ಲೂಮ್ ಒಂದು, ಮೋಟರ್ ಒಂದು, ಕಿಮ್ಮತ್ತು ಹನ್ನೆರಡು ನೂರು. ಕೊಂಡವರು, ಶ್ರೀಮತಿ ಪದ್ಮಾವತಿ ಜಿನ್ನಪ್ಪ. ಗಂಡನಿಲ್ಲದವಳಿಗೆ ಮರಾಠಿಯಲ್ಲಿ ಸೌಭಾಗ್ಯವತಿ ಎನ್ನದೆ ಶ್ರೀಮತಿ ಎಂದು ಬರೆಯುತ್ತಾರೆ. ಒಳಗೆ ಮಗ್ಗ ನಡೆದೇ ಇತ್ತು.

“ತಡೀರಿ, ಮಗ್ಗಾ ನಿಂದರಸ್ತೇನಿ,” ಎಂದಳು ಪದ್ಮಕ್ಕ. “ಇನ್ನೊಮ್ಮೆ ಓದ್ರಿ. ಸಪ್ಪಳದಾಗ ನಮಗ ಕೇಳಲಿಲ್ಲ.”

ಅವನು ಇನ್ನೊಮ್ಮೆ ಓದಿದ.

ಆಮೇಲೆ ನನಗೆ ಗಡಹಿಂಗ್ಲಜಕ್ಕೆ ವರ್ಗವಾಯಿತು. ಸರ್ವೀಸ್ ಮುಗಿಯುವವರೆಗೆ ಎಷ್ಟೋ ಸಾಲ ಕೊಡಿಸಿದೆ. ಬ್ಯಾಂಕಿನ ಟ್ರೈನಿಂಗಿನಲ್ಲಿ ನಮಗೆ ಕಲಿಸಿದ್ದು ಸಾಲ ಹೇಗೆ ಸೇಫ್ ಆಗಿರಬೇಕು ಎಂಬುದನ್ನು. ಸಾಲ ತೆಗೆದುಕೊಂಡವರು ಹೇಗೆ ಸೇಫ್ ಆಗಿರಬೇಕು ಎಂಬುದನ್ನು ಶಹಾಪುರದಲ್ಲಿ ಕಲಿತೆ, ಅದೂ ತಡವಾಗಿ. ಅಂದಿನಿಂದ ಹೊಲಿಗೆ ಯಂತ್ರವಾಗಲಿ, ಎಮ್ಮೆಯಾಗಲಿ, ಕೊಂಡ ದಿನವೇ ಬಿಲ್ಲನ್ನು ಸಾಲಗಾರರ ಮನೆಯಲ್ಲಿ, ಮನೆಯವರನ್ನೆಲ್ಲ ಕೂರಿಸಿ ಗಟ್ಟಿಯಾಗಿ ಓದಿ, ಅದರ ಒಂದು ಪ್ರತಿ ಅವರ ಕೈಯಲ್ಲಿಟ್ಟೇ ಏಳುತ್ತಿದ್ದೆ. ಇದನ್ನು ಮಾಡಿ ಎಂದು ಯಾವ ಸರ್ಕ್ಯುಲರೂ ಹೇಳಿರಲಿಲ್ಲ.