ನಲವತ್ತು ಕಿಲೋ ಹೆಚ್ಚು

ದೆವ್ವದ ಮಾತು ಬಂದರೆ ಎದ್ದು ಹೋಗುವ ಪೈಕಿ ನಾನು. ಮುಧೋಳದ ಹತ್ತಿರದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಾಟಾದ ಮೇಲೆ ಕಬ್ಬಿನ ಗಾಡಿ ತೂಗಿದ್ದೇನೆ. ಇದ್ದದ್ದಕ್ಕೆಲ್ಲ ಭಾರವಿರುತ್ತದೆ, ಭಾರವಿಲ್ಲದ್ದು ಇಲ್ಲವೇ ಇಲ್ಲ ಎಂಬುದಷ್ಟೇ ನನ್ನ ವೇದಾಂತವಾಗಿತ್ತು. ಕೊನೆಗೆ ಅದೇ ಕಾಟಾ ನನ್ನ ಬಾಯಿ ಮುಚ್ಚಿಸಿತು. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ.

ನಾಲ್ಕು ವರ್ಷದ ಹಿಂದಿನ ಮಾತು. ಆಗಷ್ಟೇ ನಿವೃತ್ತನಾಗಿದ್ದ ನನಗೆ ಒಂದು ಹುಚ್ಚು ಹತ್ತಿತ್ತು. ಜಮಖಂಡಿಯ ಡಾಕ್ಟರೊಬ್ಬರು ಫೋರ್ ವ್ಹೀಲ್ ಡ್ರೈವ್ ಗಾಡಿಯ ಮೇಲೆ ಒಂದು ಮನೆಯನ್ನೇ ಕಟ್ಟಿಸಿದ್ದರು. ಕ್ಯಾಂಪರ್ ಅಂತಾರಲ್ಲ, ಅದು. ಮಂಚ, ಒಲೆ, ಪಾಯಖಾನೆ, ನೀರಿನ ಟ್ಯಾಂಕು, ಮೇಲೆ ಸೋಲಾರ್, ಹತ್ತಲು ಹಿಂದೆ ಎರಡು ಮೆಟ್ಟಿಲು. ರಸ್ತೆ ಮುಗಿದಲ್ಲಿಂದ ಅದರ ಆಟ ಶುರು. ಬೆನ್ನುನೋವು ಹತ್ತಿ ಡಾಕ್ಟರು ಅದನ್ನು ಮಾರಲು ನಿಂತಿದ್ದರು. ಅವರು ಹೇಳಿದ ಬೆಲೆ ನನ್ನ ಹೆಂಡತಿ ಗಿರಿಜೆಯ ಎರಡೆಕರೆ ನೀರಾವರಿ ಹೊಲಕ್ಕೆ ಸರಿಯಾಗಿತ್ತು. ಅದನ್ನು ಮಾರದೆ ಬೇರೆ ದಾರಿ ನನಗಿರಲಿಲ್ಲ.

ಆ ಹೊಲ ಅವಳ ತಾಯಿ ಕೊಡಿಸಿದ್ದು. ಬೀಳಗಿ ಕಡೆಯ ಅವರ ಊರು ಹಿನ್ನೀರಿನಲ್ಲಿ ಮುಳುಗಿದಾಗ ಬಂದ ಪರಿಹಾರವನ್ನೆಲ್ಲ ಅತ್ತೆ ಮಗಳ ಹೆಸರಿನ ಹೊಲಕ್ಕೆ ಹಾಕಿ, ತಾವು ಪುನರ್ವಸತಿ ಕೇಂದ್ರದ ಪತ್ರಾಸ್ ತಗಡಿನ ಸೂರಿನ ಕೆಳಗೆ ಉಳಿದರು. ಅದನ್ನು ಒಂದು ದಿನವೂ ಮನೆ ಎನ್ನಲಿಲ್ಲ. ಸಂಜೆಯಾದರೆ ಸೀರೆಯ ಗಂಟು ಕಟ್ಟಿಕೊಂಡು, "ನಡೀರಿ, ಮನಿಗೆ ಹೋಗೂನು" ಎನ್ನುತ್ತಿದ್ದರು. ಹಾಗೆ ಅನ್ನುತ್ತಲೇ ತೀರಿಕೊಂಡರು.

"ಆ ರೊಕ್ಕದಾಗ ಸಾಯೂತನಕ ಲಾಡ್ಜಿನ್ಯಾಗ ಇರಬೌದಲ್ರಿ" ಎಂದಳು ಗಿರಿಜೆ. ಲಾಡ್ಜು ಹೊಳೆದಂಡೆಗೆ ಬರುವುದಿಲ್ಲ ಎಂದೆ. ವರ್ಷದಲ್ಲಿ ಎಷ್ಟು ದಿನ ಅದರಲ್ಲಿ ಮಲಗುತ್ತೀರಿ, ಟೈರಿಗೆಷ್ಟು, ಕೆಟ್ಟು ನಿಂತರೆ ಸಾಮಾನು ಎಲ್ಲಿಂದ ತರುತ್ತೀರಿ ಎಂದು ಅವಳು ಕೇಳಿದ್ದೆಲ್ಲ ಸರಿಯಾಗಿಯೇ ಇತ್ತು. ನನ್ನ ಮನಸ್ಸು ಮಾತ್ರ ಕೇಳಲಿಲ್ಲ. ಕೊನೆಗೆ ಡಾಕ್ಟರೇ, ಎರಡು ದಿನ ಒಯ್ದು ನೋಡಿ ಎಂದು ಕೀಲಿ ಕೊಟ್ಟರು. ವಾಪಸು ತರುವಾಗ ಡೀಸೆಲ್ಲು, ನೀರು ಎರಡೂ ತುಂಬಿಸಿರಬೇಕು, ಅಷ್ಟೇ ಕರಾರು.

ಹೊರಡುವ ಮುಂಚೆ ಎರಡೂ ಟ್ಯಾಂಕು ತುಂಬಿಸಿ ನಮ್ಮ ಹಳೆಯ ಕಾಟಾಕ್ಕೆ ಒಯ್ದೆ. ಗಾಡಿ ಎಷ್ಟೇ ದುಬಾರಿಯದಾಗಲಿ, ಚಾಸಿ ತಡೆಯುವುದಕ್ಕಿಂತ ಹೆಚ್ಚು ಭಾರದ ಮನೆ ಅದರ ಮೇಲಿದ್ದರೆ ಕಚ್ಚಾ ದಾರಿಯಲ್ಲಿ ಮುರಿದು ಕೂರುತ್ತದೆ. ನಾವಿಬ್ಬರೂ ಇಳಿದು ದೂರ ನಿಂತೆವು. ನನ್ನ ಕೈಕೆಳಗೆ ಕೆಲಸ ಕಲಿತ ಸಂಗಪ್ಪ ತೂಗಿ ಚೀಟಿ ಕೊಟ್ಟ. ತೂಕ ಮಿತಿಯೊಳಗೇ ಇತ್ತು. ಖುಷಿಯಿಂದ, ಎಲ್ಲಿಗೆ ಹೋಗೋಣ ಎಂದು ಗಿರಿಜೆಯನ್ನು ಕೇಳಿದೆ. ಅವಳು ತವರೂರು ಎಂದಳು.

ಬೇಸಿಗೆಯಾದ್ದರಿಂದ ಹಿನ್ನೀರು ಸರಿದು, ಬಿರಿದ ನೆಲದಲ್ಲಿ ಗೋಡೆಗಳ ಬುಡಗಳು ಕಾಣುತ್ತಿದ್ದವು. ದಾರಿಯೇ ಇಲ್ಲದ ಆ ಇಳಿಜಾರಿನಲ್ಲಿ ಗಾಡಿ ಸಲೀಸಾಗಿ ಇಳಿಯಿತು. ಅವಳ ಮನೆಯಿದ್ದ ಜಾಗ ಇನ್ನೂ ನೀರೊಳಗೇ ಇತ್ತು. ಅದರ ಎದುರಿಗೆ ನಿಲ್ಲಿಸಿದೆ.

ಹೊತ್ತು ಮುಳುಗುವಾಗ ಗಿರಿಜೆ ಒಳಗೆ ಹಾಲು ಉಕ್ಕಿಸಿದಳು. ಮಲಗುವುದಾದರೆ ಅದು ಮನೆ, ಮನೆಯಾದರೆ ಹಾಲು ಉಕ್ಕಬೇಕು ಎಂದು ಅವಳ ವಾದ. ಬಾಗಿಲಿನ ಅಂಚಿಗೆ ಕುಂಕುಮ ಹಚ್ಚಿ, ಕೆಳಗಿಳಿದು, ನೀರಿನ ಕಡೆ ತಿರುಗಿ, "ಬಾ ಬೇ ಯವ್ವಾ, ಒಳಗ ಬಾ. ಮೊದಲ ಹಿರೇರು ಬರಬೇಕು" ಎಂದಳು.

"ಇನ್ನೂ ನಮ್ದಾಗಿಲ್ಲ ಇದು. ಮಂದಿ ಮನಿಗೆ ಯಾರನ್ನ ಕರ್ಯಾಕತ್ತಿ?" ಎಂದು ನಾನು ನಕ್ಕೆ.

ನಾವಿಬ್ಬರೂ ನೆಲದ ಮೇಲಿದ್ದೆವು. ಹಿಂದಿನ ಮೆಟ್ಟಿಲು ಕಿರ್ರೆಂದಿತು. ತುಸು ತಡೆದು ಎರಡನೆಯದೂ ಕಿರ್ರೆಂದಿತು. ಗಾಡಿಯ ಹಿಂಭಾಗ ಸ್ವಲ್ಪ ತಗ್ಗಿ ಹಾಗೇ ನಿಂತಿತು. ಗಾಳಿ ಇರಲಿಲ್ಲ. ಮಣ್ಣು ಕುಸಿದಿರಬೇಕೆಂದು ಗಾಲಿ ನೋಡಿದೆ. ನೆಲ ಗಟ್ಟಿಯಾಗಿಯೇ ಇತ್ತು. ಆ ರಾತ್ರಿ ಗಿರಿಜೆ ಮಂಚದ ಅಂಚಿಗೆ ಸರಿದು, ನಡುವೆ ಒಬ್ಬರಿಗೆ ಜಾಗ ಬಿಟ್ಟು, ಚಿಕ್ಕ ಮಗುವಿನ ಹಾಗೆ ನಿದ್ದೆ ಹೋದಳು. ನನಗೆ ನಿದ್ದೆ ಬರಲಿಲ್ಲ. ಹೆದರಿಕೆ ಎಂದು ಒಪ್ಪಿಕೊಳ್ಳಲು ಆಗ ನಾಚಿಕೆಯಾಗಿತ್ತು, ಆದರೆ ಅದು ಹೆದರಿಕೆಯೇ.

ಮರುದಿನ ಗಾಡಿ ತೊಳೆಸಿ, ಟ್ಯಾಂಕುಗಳನ್ನು ಮತ್ತೆ ತುಂಬಿಸಿ ಅದೇ ಕಾಟಾಕ್ಕೆ ಹೋದೆ. ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ ತೂಗದಿದ್ದರೆ ಕಬ್ಬಿನ ಕಾಟಾದವರಿಗೆ ಸಮಾಧಾನವಿಲ್ಲ. ಇಬ್ಬರೂ ಇಳಿದೆವು.

"ಸಾಹೇಬ್ರ, ಒಳಗ ಯಾರ್ ಕುಂತಾರ್ರಿ?" ಎಂದ ಸಂಗಪ್ಪ. "ನಲವತ್ತು ಕಿಲೋ ಜಾಸ್ತಿ ತೋರಸಾಕತ್ತೈತಿ."

ಗಾಡಿ ಹತ್ತಿ, ಕಪಾಟು, ಹಾಸಿಗೆಯ ಕೆಳಗೆ ಎಲ್ಲ ಹುಡುಕಿದೆ. ಕಾಟಾವನ್ನು ಸೊನ್ನೆಗೆ ತಂದು ಮತ್ತೆ ತೂಗಿಸಿದೆ. ಮೂರು ಸಲವೂ ಅಷ್ಟೇ. ರಬಕವಿ ರಸ್ತೆಯ ಇನ್ನೊಂದು ಕಾಟಾದಲ್ಲಿಯೂ ಅಷ್ಟೇ. ಕೊನೆಗಾಲದಲ್ಲಿ ಅತ್ತೆ ಎಲುಬು, ತೊಗಲು ಆಗಿದ್ದರು. ಆಸ್ಪತ್ರೆಗೆ ಅವರನ್ನು ಎತ್ತಿಕೊಂಡು ಹೋದವನು ನಾನೇ. ಆ ಭಾರ ನನ್ನ ತೋಳಿಗೆ ಗೊತ್ತಿತ್ತು.

ಗಿರಿಜೆ ಹೆದರಲಿಲ್ಲ. ಅಷ್ಟು ದಿನ ಬೇಡವೆಂದವಳು ದಾರಿಯಲ್ಲಿ, "ಹೊಲ ಮಾರೂನ್ರಿ. ಗಾಡಿ ತಗೋರಿ" ಎಂದಳು. "ಆಕಿ ಇರಾಕ ಒಪ್ಪಿದ ಮನಿ ಇದೊಂದ." ನಾನು ಅವಳನ್ನು ಮನೆಯಲ್ಲಿ ಇಳಿಸಿ, ಹೆಂಡತಿಗೆ ಹೊಲ ಮಾರಲು ಮನಸ್ಸಿಲ್ಲ ಎಂದು ಡಾಕ್ಟರಿಗೆ ಸುಳ್ಳು ಹೇಳಿ, ಕೀಲಿ ಒಪ್ಪಿಸಿ ಬಸ್ಸು ಹತ್ತಿದೆ. ತಿಂಗಳೊಳಗೆ ಗಾಡಿ ರಾಜಸ್ಥಾನದ ಯಾರಿಗೋ ಹೋಯಿತು.

ಕಾಟಾ ಕೆಟ್ಟಿತ್ತೆನ್ನೋಣವೆಂದರೆ ಎರಡು ಕಾಟಾ ಒಂದೇ ತಪ್ಪು ಮಾಡುವುದಿಲ್ಲ. ಬೇರೆ ಯಾವ ಕಾರಣವೂ ನನಗೆ ಇದುವರೆಗೆ ಸಿಕ್ಕಿಲ್ಲ. ಗಾಡಿ ಮಾರಿಹೋದ ಸುದ್ದಿ ಹೇಳಿದಾಗ ಗಿರಿಜೆ ರೊಟ್ಟಿ ಬಡಿಯುತ್ತಿದ್ದಳು. ಬೈಯಲಿಲ್ಲ, ಅಳಲಿಲ್ಲ. ಕೈ ನಿಲ್ಲಿಸಿ ಕೇಳಿದಳು: "ಅವ್ವನ್ನ ಕೆಳಗ ಇಳಿಸಿಕೊಂಡ್ರೋ, ಹಂಗ ಕಳಿಸಿಬಿಟ್ರೋ?"

ಇಳಿಸಿಕೊಳ್ಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.