ನಾನು ರಿಪೇರಿ ಮಾಡಲು ಹೊರಟ ಮೌನ

ಟೋವಾ ಪಾಯೋ ಬಡಾವಣೆಯ ಚಿಕ್ಕ ಸಭಾಂಗಣವೊಂದರಲ್ಲಿ ಚೀನಾದ ಹಿರಿಯ ನಿರ್ದೇಶಕರೊಬ್ಬರ ಸಿನಿಮಾ ಇತ್ತು. ಪ್ರೊಜೆಕ್ಟರ್, ಸೌಂಡ್ ನೋಡಿಕೊಳ್ಳುವ ಕೆಲಸ ನನ್ನದು. ಸಿನಿಮಾವನ್ನು ಮೊದಲೇ ಪೂರ್ತಿ ನೋಡಿಬಿಡಿ ಅಂತ ಆಯೋಜಕಿ ಹೇಳಿದ್ದರು. ನಾನು ಹತ್ತು ನಿಮಿಷ ನೋಡಿ, ಎಲ್ಲಾ ಚೆಕ್ ಮಾಡಿದೀನಿ ಅಂದುಬಿಟ್ಟಿದ್ದೆ.

ಅರ್ಧ ಸಿನಿಮಾ ಆಗಿತ್ತು. ಮಗ ಮನೆಗೆ ಬರುತ್ತಾನೆ, ತಾಯಿಯ ಹಾಸಿಗೆ ಖಾಲಿ. ಅಷ್ಟರಲ್ಲಿ ಸೌಂಡ್ ನಿಂತುಹೋಯಿತು. ಕೇಬಲ್ ತೆಗೆದು ಹಾಕಿದೆ, ವಾಲ್ಯೂಮ್ ಏರಿಸಿದೆ, ಏನೂ ಆಗಲಿಲ್ಲ. ಗಾಬರಿಯಲ್ಲಿ ಸಿನಿಮಾ ನಿಲ್ಲಿಸಿ, ಲೈಟ್ ಹಾಕಿ, "ಸಾರಿ, ಹಳೇ ಸಿನಿಮಾ ಅಲ್ವಾ, ಕಾಪಿಯಲ್ಲೇ ಏನೋ ತೊಂದರೆ ಇದೆ" ಅಂತ ಮೈಕ್‌ನಲ್ಲಿ ಹೇಳಿದೆ.

ಮುಂದಿನ ಸಾಲಿನಲ್ಲಿದ್ದ ನಿರ್ದೇಶಕರು ಎದ್ದು ನನ್ನ ಹತ್ತಿರ ಬಂದರು. ಎಂಬತ್ತರ ಆಸುಪಾಸಿನವರು.

"ತೊಂದರೆ ಏನಿಲ್ಲ," ಅಂದರು ನಿಧಾನದ ಇಂಗ್ಲಿಷ್‌ನಲ್ಲಿ. "ನಮ್ಮ ಅಮ್ಮ ಹೋದ ದಿನ ನನಗೆ ಏನೂ ಕೇಳಿಸಲಿಲ್ಲ. ಅದಕ್ಕೇ ಅಲ್ಲಿ ಶಬ್ದ ಇಟ್ಟಿಲ್ಲ."

ನನ್ನ ಕಿವಿ ಬಿಸಿಯಾಯಿತು. "ಸಾರಿ ಸರ್, ನಾನು ಪೂರ್ತಿ ನೋಡಿರಲಿಲ್ಲ."

"ಸ್ಟುಡಿಯೋದವರೂ ಇದನ್ನ ದೋಷ ಅಂದಿದ್ದರು. ಆಮೇಲೆ ಆರು ವರ್ಷ ನನಗೆ ಕೆಲಸ ಕೊಡಲಿಲ್ಲ. ಹಳ್ಳಿಹಳ್ಳಿಗೆ ಹೋಗಿ ನಿಮ್ಮ ಹಾಗೇ ಬೇರೆಯವರ ಸಿನಿಮಾ ತೋರಿಸುತ್ತಿದ್ದೆ." ಸ್ವಲ್ಪ ನಕ್ಕರು. "ಆದರೆ ನಾನು ಮೊದಲೇ ಪೂರ್ತಿ ನೋಡಿಬಿಡುತ್ತಿದ್ದೆ."

ಆ ದೃಶ್ಯವನ್ನು ಮತ್ತೆ ಮೊದಲಿಂದ ಹಾಕಿದೆ. ತಲೆ ಎತ್ತಿ ನೋಡಲು ಆಗಲಿಲ್ಲ.

ಎಲ್ಲ ಮುಗಿದ ಮೇಲೆ ನಮ್ಮ ಕನ್ನಡದ ಆಂಟಿಯೊಬ್ಬರು ಬಂದು, "ಪರವಾಗಿಲ್ವೇ, ಬೇಗ ಸರಿ ಮಾಡಿದ್ರಿ. ಆಮೇಲೆ ಸೌಂಡ್ ಎಷ್ಟು ಚೆನ್ನಾಗಿತ್ತು!" ಅಂದರು.

ನಿರ್ದೇಶಕರು ಪಕ್ಕದಲ್ಲೇ ನಿಂತಿದ್ದರು. ಅವರಿಗೆ ಕನ್ನಡ ಬರುವುದಿಲ್ಲ, ಆಂಟಿ ಹೊಗಳಿದ್ದು ಯಾತಕ್ಕೆ ಅಂತ ಗೊತ್ತಾಗಲ್ಲ ಎಂಬ ಧೈರ್ಯದ ಮೇಲೆ "ಥ್ಯಾಂಕ್ಸ್ ಆಂಟಿ" ಅಂದುಬಿಟ್ಟೆ.